ಕೊರಳಲ್ಲಿ ಟೇಪಿಲ್ಲದ ದರ್ಜಿ

ಕೊರಳಿಗೆ ಟೇಪು ಹಾಕಿಕೊಳ್ಳದ ದರ್ಜಿಯನ್ನು ನೀವು ನೋಡಿರಲಿಕ್ಕಿಲ್ಲ. ನೋಡಬೇಕೆಂದರೆ ನಮ್ಮ ಭಾವನ ಅಂಗಡಿಗೆ ಬರಬೇಕು. ಅಳತೆ ಕೊಡಲು ಕೈ ಅಗಲಿಸಿ ನಿಂತ ಗಿರಾಕಿಯ ಮುಂದೆ ಭಾವ ಬರಿಗೈಯಲ್ಲಿ ನಿಂತು, ನನ್ನ ಕಡೆ ತಿರುಗಿ, "ಟೇಪು ಕೊಡಮ್ಮ" ಎನ್ನುತ್ತಾರೆ. ಅದು ನನ್ನ ತಲೆಯ ಮೇಲಿನ ಮೊಳೆಯಲ್ಲಿ ತೂಗುತ್ತಿರುತ್ತದೆ. ನಾನು ಗುಂಡಿ ಹೊಲಿಯುವುದನ್ನು ಬಿಟ್ಟು ಎದ್ದು ಕೊಡಬೇಕು, ಅಳತೆ ಮುಗಿದ ಕೂಡಲೇ ವಾಪಸು ಇಸಿದುಕೊಂಡು ಮೊಳೆಗೆ ಹಾಕಬೇಕು. ದಿನವಿಡೀ ಇದೇ ಕವಾಯತು. ಯಾರಾದರೂ ಕಾರಣ ಕೇಳಿದರೆ ಭಾವ "ಕತ್ತು ನೋವು" ಎಂದುಬಿಡುತ್ತಾರೆ. ಒಂದು ಪಟ್ಟಿ ಟೇಪಿನ ಭಾರಕ್ಕೆ ಯಾರ ಕತ್ತೂ ನೋಯುವುದಿಲ್ಲ ಎಂದು ಗಿರಾಕಿಗಳಿಗೂ ಗೊತ್ತು, ಮರ್ಯಾದೆಗೆ ಸುಮ್ಮನಾಗುತ್ತಾರೆ. ನಿಜವಾದ ಕಾರಣ ನನಗೆ ಗೊತ್ತು.

ಮೊದಲೇ ಹೇಳಿಬಿಡುತ್ತೇನೆ, ಭಾವ ಕೆಟ್ಟವರಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ. ನಮ್ಮ ಅಕ್ಕನ ಮೇಲೆ ಕೈ ಎತ್ತುವುದಿರಲಿ, ದನಿ ಎತ್ತಿದವರೂ ಅಲ್ಲ. ಅವರಿಗಿದ್ದ ಒಂದೇ ಚಟ ಕೆಲಸ. ಕೈಗೆ ಕತ್ತರಿ ಬಂತೆಂದರೆ ಕಿವಿಗೆ ಬೀಗ ಬಿದ್ದ ಹಾಗೆ. ಪಕ್ಕದ ಮನೆ ಕುಸಿಯಿತು ಎಂದರೂ "ಊಂ" ಎನ್ನುತ್ತಿದ್ದರು. ಅಕ್ಕನಿಗೋ ಮಾತೇ ಊಟ, ಅದರಲ್ಲೂ ಕನಸಿನ ಮಾತು. ಅವಳ ಕನಸುಗಳು ನಮ್ಮ ನಿಮ್ಮ ಕನಸುಗಳ ಹಾಗೆ ಬಸ್ಸು ತಪ್ಪಿತು, ಹಲ್ಲು ಬಿತ್ತು ಎನ್ನುವ ಬಡಪಾಯಿ ಕನಸುಗಳಲ್ಲ. ಒಂದು ಸಲ ಹಸುವೊಂದು ಬಸ್ಸು ಓಡಿಸುತ್ತಿತ್ತಂತೆ. ನಮ್ಮನೆಯವರು ಬಸ್ ಡ್ರೈವರು. ಅದೇ ಬಸ್ಸಿನಲ್ಲಿ ಅವರಿಗೆ ಸೀಟು ಸಿಗದೆ ಕಂಬಿ ಹಿಡಿದು ನಿಂತೇ ಹೋದರಂತೆ. ಇನ್ನೊಂದು ಸಲ ಭಾವ ಹೊಲಿದ ಕೋಟು ಗಿರಾಕಿಯನ್ನು ಬಿಟ್ಟು ತಾನೊಂದೇ ನಡೆದುಕೊಂಡು ಅಂಗಡಿಗೆ ವಾಪಸು ಬಂದು, ತೋಳು ಬಿಗಿಯಾಯಿತು ಎಂದು ಜಗಳ ತೆಗೆಯಿತಂತೆ.

ಇಷ್ಟೆಲ್ಲ ಅವಳಿಗೆ ಹೇಗೆ ನೆನಪಿರುತ್ತಿತ್ತು ಎಂದು ನನಗೆ ಆಶ್ಚರ್ಯ. ಬೆಳಿಗ್ಗೆ ಎಚ್ಚರವಾದ ಮೇಲೂ ಅಕ್ಕ ಕಣ್ಣು ತೆರೆಯದೆ, ಕೈಕಾಲು ಅಲ್ಲಾಡಿಸದೆ ಸ್ವಲ್ಪ ಹೊತ್ತು ಹಾಗೇ ಬಿದ್ದುಕೊಂಡಿರುತ್ತಿದ್ದಳು. ಚಿಕ್ಕಂದಿನಿಂದಲೂ ಹಾಗೇ. ಅಮ್ಮ ಬೈಯುತ್ತಿದ್ದಳು. ಮದುವೆಯಾದ ಮೇಲೆ ಭಾವ, "ಎದ್ದ ಮೇಲೂ ಮಲಗೋದು ಎಂಥ ಅಭ್ಯಾಸಾನೋ" ಎಂದು ಗೊಣಗುತ್ತಿದ್ದರು. ನಾನು ಕೇಳಿದಾಗ ಅಕ್ಕ, "ಅಲ್ಲಾಡಿದ್ರೆ ಚೆಲ್ಲಿ ಹೋಗುತ್ತೆ ಕಣೇ" ಎಂದಿದ್ದಳು.

ಹಾಗೆ ಚೆಲ್ಲದಂತೆ ತಂದದ್ದನ್ನು ಚಹಾ ಕುದಿಸುತ್ತ ಭಾವನಿಗೆ ಹೇಳುತ್ತಿದ್ದಳು. ಅಂಗಡಿಯ ಹಿಂದೆಯೇ ಅವರ ಅಡುಗೆಮನೆ, ನಡುವೆ ಒಂದು ಪರದೆ ಅಷ್ಟೆ. ಭಾವ ಆ ಕಡೆಯಿಂದ ಬಾಬಿನ್ನಿಗೆ ನೂಲು ಸುತ್ತುತ್ತ "ಊಂ, ಊಂ" ಎನ್ನುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನಾನು ಮೇಲಿನ ಮಹಡಿಯವಳು, ಬೆಳಗಿನ ಚಹಾ ಹೆಚ್ಚಾಗಿ ಅಲ್ಲೇ ಆಗುತ್ತಿದ್ದರಿಂದ ಇದನ್ನೆಲ್ಲ ಕಣ್ಣಾರೆ ಕಂಡವಳು. ಅಕ್ಕ ಒಮ್ಮೆ ಲೋಟ ತೊಳೆಯುತ್ತ ನನ್ನ ಹತ್ತಿರ ಹೇಳಿದ್ದಳು: "ಪೂರ್ತಿ ಕೇಳಿಸ್ಕೊಳ್ಳಿ ಅಂತ ನಾನೇನೂ ಅನ್ನಲ್ಲ ಕಣೇ. ಮಧ್ಯ ಒಂದ್ಸಲ 'ಆಮೇಲೆ?' ಅಂದ್ರೆ ಸಾಕು. ಇಷ್ಟು ವರ್ಷದಲ್ಲಿ ಒಂದೇ ಒಂದ್ಸಲ ಅಂದಿಲ್ಲ ಈ ಮಹಾರಾಯ."

ಅವಳ ಕೊನೆಯ ಬೆಳಗಿನಲ್ಲೂ ನಾನು ಅಲ್ಲೇ ಇದ್ದೆ. ಶಾಲೆಗಳು ಶುರುವಾಗುವ ಕಾಲ. ಯೂನಿಫಾರ್ಮಿನ ರಾಶಿ ಭಾವನ ಸೊಂಟದ ಮಟ್ಟಕ್ಕೆ ಬಂದಿತ್ತು. ಅಕ್ಕ ಚಹಾ ಹಿಡಿದು ಪರದೆ ಸರಿಸಿ ಹೋದಳು.

"ರೀ, ಇವತ್ತೊಂದು ಕನಸು ಬಿತ್ತು. ನಾವಿಬ್ರೂ ಯಾವುದೋ ಮನೆಗೆ ಹೋಗಿದ್ವಿ. ಗೊತ್ತಿಲ್ಲದ ಮನೆ, ಆದ್ರೆ ಬೀಗದ ಕೈ ನಿಮ್ಮ ಜೇಬಲ್ಲೇ ಇತ್ತು. ಬಾಗಿಲು ನೀವೇ ತೆಗೆದ್ರಿ. ಒಳಗೆ ಯಾರಿದ್ರು ಗೊತ್ತಾ..."

"ಈಗ ಬೇಡ ಮಾರಾಯ್ತಿ. ನೋಡ್ತಿದೀಯಲ್ಲ ಕೆಲಸಾನ. ಸಾಯಂಕಾಲ ಹೇಳು," ಎಂದರು ಭಾವ. ತಲೆ ಎತ್ತಲಿಲ್ಲ.

ಅಕ್ಕನಿಗೆ ಬೇಜಾರೇನೂ ಆದಂತೆ ಕಾಣಲಿಲ್ಲ. ಅವಳಿಗೆ ಅದು ಹೊಸದಲ್ಲ. "ಆಯ್ತು" ಎಂದು ಲೋಟ ಇಟ್ಟು ಒಳಗೆ ಬಂದಳು. ಮಧ್ಯಾಹ್ನ ಇಸ್ತ್ರಿ ಮಾಡುತ್ತ ನಿಂತವಳು ತಲೆ ಸುತ್ತುತ್ತದೆ ಎಂದು ಕುರ್ಚಿಯ ಮೇಲೆ ಕೂತಳು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಾಯಂಕಾಲದ ಹೊತ್ತಿಗೆ ಅಕ್ಕ ಇರಲಿಲ್ಲ.

ಅವಳು ಮಾಡುತ್ತಿದ್ದ ಕಾಜಾ-ಗುಂಡಿಯ ಕೆಲಸಕ್ಕೆ ನಾನು ಕೂತೆ. ಕಿಟಕಿಯ ಪಕ್ಕದ ಅವಳ ಕುರ್ಚಿಯೇ ನನ್ನದಾಯಿತು. ಭಾವ ಎಂದಿನಂತೆ ಕತ್ತರಿಸುತ್ತಿದ್ದರು, ಹೊಲಿಯುತ್ತಿದ್ದರು. ಒಂದು ಹನಿ ಕಣ್ಣೀರು ನಾನು ನೋಡಲಿಲ್ಲ. ನನಗೆ ಒಳಗೊಳಗೇ ಕೊತಕೊತ ಕುದಿಯುತ್ತಿತ್ತು. ಈ ಮನುಷ್ಯನಿಗೆ ಕರುಳು ಇದೆಯೋ ಅಥವಾ ಅಲ್ಲೂ ನೂಲೇ ಸುತ್ತಿದೆಯೋ ಎಂದುಕೊಳ್ಳುತ್ತಿದ್ದೆ. ಒಂದು ದಿನ ಪ್ಯಾಂಟಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ, "ಒಳಗೆ ಯಾರಿದ್ರು?" ಎಂದು ಕೇಳಿದರು. ಯಾವ ಒಳಗೆ ಎಂದು ನನಗೆ ಹೊಳೆಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

"ನಿನ್ನ ಹತ್ರ ಏನಾದ್ರೂ ಹೇಳಿದ್ಲಾ ಅವತ್ತು?"

"ಅವಳು ಹೇಳೋಕೆ ಬಂದಿದ್ದು ನಿಮಗೆ ಭಾವ. ನನಗಲ್ಲ."

ಹಾಗೆ ಹೇಳಬಾರದಿತ್ತು ಎಂದು ಅವರ ಮುಖ ನೋಡಿದ ಮೇಲೆ ಅನ್ನಿಸಿತು. ಅವರು ಗೆರೆ ಮುಂದುವರಿಸಿದರು. ಅದು ಸೊಟ್ಟಗಾಯಿತು. ಭಾವನ ಗೆರೆ ಸೊಟ್ಟಗಾದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಗ ಬಂದವನು ನಮ್ಮ 'ನಿದ್ದೆ ಡಾಕ್ಟರು'. ನಿಜಕ್ಕೂ ಡಾಕ್ಟರಲ್ಲ, ದೊಡ್ಡಾಸ್ಪತ್ರೆಯಲ್ಲಿ ನಿದ್ದೆ ಬಾರದವರ ತಲೆಗೆ ವೈರು ಅಂಟಿಸುವ ಕೆಲಸ ಅವನದು. ಹೆಸರು ನಾನೇ ಇಟ್ಟದ್ದು. ಹೊಟ್ಟೆ ಬಂದು ಪ್ಯಾಂಟುಗಳೆಲ್ಲ ಬಿಗಿಯಾಗಿದ್ದವು, ಸೊಂಟ ಬಿಡಿಸಲು ತಂದಿದ್ದ. ಮಾತಿಗೆ ಮಾತು ಬಂದು ಭಾವ, "ನನಗೆ ಕನಸೇ ಬೀಳಲ್ಲ ಸಾರ್. ಬಿದ್ದಿದ್ರೆ ಅವಳಾದ್ರೂ ಬರ್ತಿದ್ಲು" ಎಂದರು.

"ಎಲ್ಲರಿಗೂ ಬೀಳುತ್ತೆ ಮಾಸ್ಟ್ರೇ. ನಿಮಗೆ ನೆನಪಿರಲ್ಲ, ಅಷ್ಟೆ. ಅದನ್ನ ಕಲೀಬಹುದು," ಎಂದ ಅವನು. "ಮಲಗೋಕೆ ಮುಂಚೆ, ನಾಳೆ ಕನಸು ನೆನಪಿಟ್ಕೋತೀನಿ ಅಂತ ಮನಸ್ಸಿಗೆ ಹೇಳ್ಕೊಳ್ಳಿ. ಎಚ್ಚರ ಆದ ತಕ್ಷಣ ಏಳಬೇಡಿ. ಕಣ್ಣು ಬಿಡಬೇಡಿ, ಅಲ್ಲಾಡಬೇಡಿ. ಕೊನೇಲಿ ಏನು ಕಂಡಿತ್ತೋ ಅದನ್ನ ಹಿಡ್ಕೊಂಡು ಹಿಂದಕ್ಕೆ ಹೋಗಿ. ಪೂರ್ತಿ ಸಿಕ್ಕಿದ ಮೇಲೆ ಬರೆದಿಡಿ, ಇಲ್ಲ ಯಾರಿಗಾದ್ರೂ ಹೇಳಿ."

"ಅಲ್ಲಾಡಬಾರದಾ?" ಎಂದು ಭಾವ ನನ್ನ ಕಡೆ ನೋಡಿದರು. ಇಬ್ಬರಿಗೂ ಒಂದೇ ನೆನಪು. ಅಷ್ಟು ವರ್ಷ ಸೋಮಾರಿ ಎನ್ನಿಸಿಕೊಂಡವಳು ಆಸ್ಪತ್ರೆಯವರು ಹೇಳಿಕೊಡುವುದನ್ನೇ ಮಾಡುತ್ತಿದ್ದಳು.

ಬರೆಯುವುದು ಭಾವನಿಗೆ ಒಗ್ಗದು. ಅಂಕಿ ಬಿಟ್ಟರೆ ಅವರ ಅಕ್ಷರ ಅವರಿಗೇ ಅರ್ಥವಾಗುವುದಿಲ್ಲ. ಹಾಗಾಗಿ ಕೇಳುವ ಗ್ರಹಚಾರ ನನ್ನ ಪಾಲಿಗೆ ಬಂತು. ಮೊದಲ ದಿನ ಮೆಟ್ಟಿಲು ಹತ್ತಿ ಬಂದು ನಮ್ಮ ಬಾಗಿಲಲ್ಲಿ ನಿಂತು, "ಏನೋ ಹಸಿರು" ಎಂದರು. ಅಷ್ಟೇ. ಹಸಿರು ಬಟ್ಟೆಯೋ ಹಸಿರು ಗಿಡವೋ ಅದೂ ಗೊತ್ತಿಲ್ಲ. "ಅಕ್ಕ ಒಂದು ಸಿನಿಮಾ ತರ್ತಿದ್ಲು, ನೀವು ಒಂದು ಬಣ್ಣ ತಂದಿದೀರಿ. ಪರವಾಗಿಲ್ಲ, ಶುರು ಆಯ್ತಲ್ಲ" ಎಂದೆ. ಆಮೇಲೆ ಒಂದು ದಿನ ಒಂದು ಏಣಿ ಸಿಕ್ಕಿತು. ಇನ್ನೊಂದು ದಿನ ಏಣಿಯ ಮೇಲೆ ಒಬ್ಬ ಮನುಷ್ಯ. ಬರಬರುತ್ತ ಇಡೀ ಕನಸುಗಳು ಸಿಗತೊಡಗಿದವು. ಎಲ್ಲವೂ ಪ್ಯಾಂಟಿನವೇ. ಕನಸಿನಲ್ಲೂ ಆಲ್ಟರೇಷನ್ ಮಾಡುವ ಮನುಷ್ಯನನ್ನು ನೋಡಿ ನಮ್ಮನೆಯವರು, "ಓವರ್‌ಟೈಮು ಕೊಡೋರು ಯಾರು ಷಡ್ಕಾ?" ಎಂದು ನಕ್ಕರು. ಅಕ್ಕ ಮಾತ್ರ ಆ ಕನಸುಗಳಲ್ಲಿ ಎಲ್ಲೋ ಒಳಗೆ ಕೆಲಸ ಮಾಡುತ್ತಿದ್ದ ಸದ್ದಾಗಿ ಬಂದು ಹೋಗುತ್ತಿದ್ದಳು. ಮುಖ ಕಾಣುತ್ತಿರಲಿಲ್ಲ.

ಸೊಂಟ ಬಿಡಿಸಿದ ಪ್ಯಾಂಟುಗಳನ್ನು ಒಯ್ಯಲು ಬಂದ ನಿದ್ದೆ ಡಾಕ್ಟರು ಎರಡನೆಯ ಪಾಠ ಹೇಳಿದ. ಕನಸಿನಲ್ಲಿ ಇರುವಾಗಲೇ ಇದು ಕನಸು ಎಂದು ಗೊತ್ತಾದರೆ, ಆಮೇಲೆ ಎಲ್ಲ ನಮ್ಮ ಇಷ್ಟವಂತೆ. ಬೇಕಾದವರನ್ನು ಕರೆಯಬಹುದು, ಬೇಕಾದ್ದನ್ನು ಕೇಳಬಹುದು. ಅದಕ್ಕೆ ಹಗಲಿನಲ್ಲೇ ಅಭ್ಯಾಸ ಬೇಕು. "ಏನಾದ್ರೂ ಅಂಕಿ ನೋಡಿ. ಕಣ್ಣು ಆ ಕಡೆ ತಿರುಗಿಸಿ, ಮತ್ತೆ ನೋಡಿ. ಎಚ್ಚರದಲ್ಲಿ ಅಂಕಿ ಹಾಗೇ ಇರುತ್ತೆ. ಕನಸಲ್ಲಿ ಬದಲಾಗುತ್ತೆ. ಹಗಲೆಲ್ಲಾ ಮಾಡ್ತಾ ಇದ್ರೆ ಕನಸಲ್ಲೂ ಕೈ ತಾನಾಗೇ ಅದನ್ನೇ ಮಾಡುತ್ತೆ."

ಭಾವ ಕೊರಳ ಟೇಪನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದರು. ಅಂಕಿ ಬೇಕೆಂದರೆ ದರ್ಜಿ ಎಲ್ಲಿಗೂ ಹೋಗಬೇಕಾಗಿಲ್ಲ.

ಅಂದಿನಿಂದ ನೋಡಿ ಅವತಾರ. ಪ್ರತಿ ಅಳತೆಯನ್ನೂ ಎರಡು ಸಲ ನೋಡುವುದು, ನಡುವೆ ಕಿಟಕಿಯಾಚೆ ಕಣ್ಣು ಹಾಯಿಸುವುದು, "ಇದು ಕನಸಾ?" ಎಂದು ತನ್ನಷ್ಟಕ್ಕೆ ಗುನುಗುವುದು. ಒಬ್ಬ ದಢೂತಿ ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ, ಅಂಕಿ ನೋಡಿ, ಮತ್ತೆ ನೋಡಿ, "ಇದು ಕನಸಾ?" ಎಂದುಬಿಟ್ಟರು. ಆ ಮನುಷ್ಯ ಬಟ್ಟೆ ವಾಪಸು ಎತ್ತಿಕೊಂಡು ಹೋದ. ನಾನು ನಕ್ಕು ನಕ್ಕು ಬೆರಳಿಗೆ ಸೂಜಿ ಚುಚ್ಚಿಕೊಂಡೆ. ಆದರೆ ಭಾವ ಬಿಡಲಿಲ್ಲ. ಹಿಡಿದ ಕೆಲಸ ಬಿಡುವ ಜಾತಿಯೇ ಅಲ್ಲ ಅವರದು. ಕೆಲಸವಿಲ್ಲದಾಗಲೂ ಕೈ ಕೊರಳಿಗೆ ಹೋಗುತ್ತಿತ್ತು, ಟೇಪಿನ ತುದಿ ಮುಖದ ಮುಂದೆ ಬರುತ್ತಿತ್ತು.

ಒಂದು ದಿನ ತಡೆಯಲಾರದೆ ಕೇಳಿದೆ: "ಅಲ್ಲ ಭಾವ, ಕನಸು ನಿಮ್ಮದು. ಬರೋಳು ನಿಮ್ಮ ತಲೆಯೊಳಗಿನ ಅಕ್ಕ. ಅವಳು ಅವತ್ತು ಕಂಡ ಕನಸು ನಿಮ್ಮ ತಲೆಗೆ ಹೇಗೆ ಗೊತ್ತಿರುತ್ತೆ?"

"ಅಷ್ಟು ವರ್ಷ ಜೊತೆಗಿದ್ದೆ. ನನ್ನ ತಲೇಲಿ ಅವಳು ಅಷ್ಟೂ ಇಲ್ವಾ?"

ಕೇಳಿಸಿಕೊಂಡಿದ್ದರೆ ಇರುತ್ತಿದ್ದಳು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ಒಲೆಯ ಮುಂದೆ ಕೂತ ಮನುಷ್ಯನಿಗೆ ಮತ್ತೇನು ಹೇಳುವುದು?

ಕೊನೆಗೆ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ದಿನದ ಹೆಜ್ಜೆಯಲ್ಲ, ತುಂಬ ನಿಧಾನದ್ದು. ಬಾಗಿಲು ತೆಗೆದೆ. ಭಾವ ಒಳಗೆ ಬಂದು ನಮ್ಮ ಊಟದ ಮೇಜಿನ ಹತ್ತಿರ ಕೂತರು.

"ಬಂದಿದ್ಲು," ಎಂದರು. "ನೀನು ಕೂರೋ ಕುರ್ಚಿ ಮೇಲೇ ಕೂತಿದ್ಲು. ಮಡಿಲಲ್ಲಿ ಒಂದು ಬಿಳಿ ಶರ್ಟು. ಮುಖ ಚೆನ್ನಾಗಿ ಕಾಣ್ತಿತ್ತು. ನಾನೇನೂ ಕೇಳೋಕೆ ಮುಂಚೆ ಅವಳೇ ಶುರು ಮಾಡಿದ್ಲು. ರೀ, ಬಾಗಿಲು ನೀವೇ ತೆಗೆದ್ರಿ, ಒಳಗೆ ಯಾರಿದ್ರು ಗೊತ್ತಾ, ಅಂತ."

ನಾನು ಒಲೆ ಆರಿಸಿ ಅವರ ಎದುರು ಕೂತೆ.

"ಅಷ್ಟರಲ್ಲಿ ಕೈ ಕೊರಳಿಗೆ ಹೋಯ್ತು. ನಾನು ಹೋಗು ಅನ್ಲಿಲ್ಲ, ತಾನಾಗೇ ಹೋಯ್ತು. ಟೇಪು ನೋಡಿದೆ, ಮೂವತ್ತೆರಡು. ಮತ್ತೆ ನೋಡಿದೆ. ಅಂಕಿ ಎಲ್ಲಾ ಇರುವೆ ಥರ ಹರೀತಿತ್ತು. ಆಗ ಗೊತ್ತಾಯ್ತು, ಇದು ಕನಸು ಅಂತ. ಎಂಥ ಖುಷಿ ಅಂತೀಯ. ಕಲ್ತುಬಿಟ್ಟೆ ಅಂದ್ಕೊಂಡು ತಲೆ ಎತ್ತಿದೆ." ಭಾವ ಇಲ್ಲಿ ನಿಲ್ಲಿಸಿ, ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ಆ ಕಡೆ ಈ ಕಡೆ ಸರಿಸಿದರು. "ಅವಳು ಎದ್ದು ನಿಂತಿದ್ಲು. ಶರ್ಟು ಮಡಚಿ ಕೈ ಮೇಲೆ ಹಾಕ್ಕೊಂಡಿದ್ಲು. ನಾನು ಟೇಪು ಹಿಡ್ಕೊಂಡಿದ್ದು ನೋಡಿ, 'ಕೆಲಸದಲ್ಲಿದೀರಿ ಅನ್ಸುತ್ತೆ. ಇರಲಿ, ಸಾಯಂಕಾಲ ಹೇಳ್ತೀನಿ' ಅಂದ್ಲು. ಪರದೆ ಸರಿಸಿ ಒಳಗೆ ಹೋದ್ಲು. ಎಚ್ಚರ ಆಯ್ತು."

ಅಕ್ಕ ಸತ್ತ ದಿನ ಅಳದವರು ಅವತ್ತು ನಮ್ಮ ಮೇಜಿನ ಮೇಲೆ ತಲೆ ಇಟ್ಟು ಅತ್ತರು. ನಾನು ಎಷ್ಟೋ ದಿನದಿಂದ ಅವರಿಗೆಂದು ಕೂಡಿಟ್ಟುಕೊಂಡಿದ್ದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಚಹಾ ಮಾಡಿ ಮುಂದಿಟ್ಟೆ. ಅದು ಆರಿಹೋಯಿತು.

ಆಮೇಲೆ ಅಕ್ಕ ಆಗಾಗ ಬರತೊಡಗಿದಳು. ಅದೇ ಕುರ್ಚಿ, ಅದೇ ಮಾತು. ಪ್ರತಿ ಸಲವೂ ಭಾವನ ಕೈ ಕೊರಳಿಗೆ ಹೋಗುತ್ತಿತ್ತು, ಪ್ರತಿ ಸಲವೂ ಅಕ್ಕ ಎದ್ದು ಒಳಗೆ ಹೋಗುತ್ತಿದ್ದಳು. ಮಾಡಬಾರದು ಎಂದು ಮಲಗುವ ಮುಂಚೆ ಎಷ್ಟು ಹೇಳಿಕೊಂಡರೂ ಆಗಲಿಲ್ಲ. ಕಲಿಯುವುದಕ್ಕೆ ದಾರಿ ಹೇಳಿದ ನಿದ್ದೆ ಡಾಕ್ಟರಿಗೆ ಮರೆಯುವುದಕ್ಕೆ ದಾರಿ ಗೊತ್ತಿರಲಿಲ್ಲ. "ಜನ ಇದಕ್ಕೋಸ್ಕರ ವರ್ಷಗಟ್ಟಲೆ ಒದ್ದಾಡ್ತಾರೆ ಮಾಸ್ಟ್ರೇ, ನಿಮಗೆ ಬೇಡವಾ?" ಎಂದು ತಲೆ ಕೆರೆದುಕೊಂಡ.

"ಕನಸು ಅಂತ ಗೊತ್ತಾಗದಿದ್ರೂ ಪರವಾಗಿಲ್ಲ ಸಾರ್. ಅವಳು ಹೇಳಿ ಮುಗಿಸಿದ್ರೆ ಸಾಕು," ಎಂದರು ಭಾವ.

ಅವತ್ತೇ ಕೊರಳಿನ ಟೇಪು ತೆಗೆದು ನನ್ನ ತಲೆಯ ಮೇಲಿನ ಮೊಳೆಗೆ ಹಾಕಿದರು. ಹಗಲು ಕೈಗೆ ಸಿಗದಿದ್ದರೆ ಕನಸಿನಲ್ಲೂ ಸಿಗಲಿಕ್ಕಿಲ್ಲ ಎಂಬುದು ಅವರ ಲೆಕ್ಕ. "ಟೇಪು ಕೊಡಮ್ಮ" ಶುರುವಾದದ್ದು ಹೀಗೆ. ಮೊದಮೊದಲು ಗಿರಾಕಿಯ ಮುಂದೆ ನಿಂತು ಬರಿ ಕೊರಳನ್ನು ತಡಕುತ್ತಿದ್ದರು. ಅದನ್ನು ನೋಡಲು ನನಗೆ ಹಿಂಸೆಯಾಗುತ್ತಿತ್ತು. ಚಳಿಗಾಲ ಬಂದು ಕೋಟುಗಳ ಕೆಲಸ ಮುಗಿಯಿತು, ಮತ್ತೆ ಯೂನಿಫಾರ್ಮಿನ ಕಾಲ ಬಂತು. ಅಷ್ಟರಲ್ಲಿ ಕೈ ತಡಕುವುದನ್ನು ಬಿಟ್ಟಿತ್ತು. ಬೆಳಿಗ್ಗೆ ಮೆಟ್ಟಿಲು ಹತ್ತಿ ಬರುವುದೂ ಅಪರೂಪವಾಗಿತ್ತು.

ಹೋದ ವಾರ ನಮ್ಮ ಬಾಗಿಲನ್ನು ಯಾರೋ ದಬದಬ ಬಡಿದರು. ತೆಗೆದರೆ ಭಾವ. ಬರಿಗಾಲು, ಅಂಗಿಯ ಗುಂಡಿ ಹಾಕಿಲ್ಲ. ಮುಖ ನೋಡಿದರೆ ಮದುವೆಯ ದಿನದ ಹುಡುಗನ ಹಾಗಿತ್ತು.

"ಹೇಳಿದ್ಲು," ಎಂದರು ಏದುಸಿರು ಬಿಡುತ್ತ. "ಪೂರ್ತಿ ಹೇಳಿದ್ಲು ಕಣಮ್ಮ. ಕೈ ಕೊರಳಿಗೆ ಹೋಯ್ತು, ಟೇಪು ಇರಲಿಲ್ಲ. ಸುಮ್ಮನೆ ಕೂತು ಕೇಳಿದೆ. ಬಾಗಿಲು ನಾನೇ ತೆಗೆದೆನಂತೆ. ಒಳಗೆ..."

"ಒಳಗೆ ಯಾರಿದ್ರು?"

ಭಾವನ ಬಾಯಿ ತೆರೆದೇ ಇತ್ತು. ಕಣ್ಣು ನನ್ನ ಹೆಗಲ ಮೇಲಿಂದ ಗೋಡೆಯನ್ನು ಹುಡುಕಿತು, ಆಮೇಲೆ ನೆಲವನ್ನು. "ಮೆಟ್ಟಿಲ ಹತ್ರ ಬರೋವರೆಗೂ ನೆನಪಿತ್ತು," ಎಂದರು. "ಈಗ ಇತ್ತು. ಒಳಗೆ..."

"ಎಚ್ಚರ ಆದ ತಕ್ಷಣ ಅಲ್ಲಾಡಬೇಡಿ ಅಂತ ಅವನು ಬಾಯಿ ಬಡ್ಕೊಂಡಿದ್ನಲ್ಲ ಭಾವ."

"ಸಂತೋಷ ಆಗ್ಬಿಡ್ತು. ನಿನಗೆ ಹೇಳೋಣ ಅಂತ ಎದ್ದು ಓಡಿ ಬಂದೆ."

ಅಷ್ಟು ಕಾಲ ಕಾದು, ಕೊನೆಗೂ ಕೇಳಿ, ಹದಿನೈದಿಪ್ಪತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಚೆಲ್ಲಿಕೊಂಡು ಬಂದಿದ್ದರು. ಕೂರಿಸಿದೆ, ಕಣ್ಣು ಮುಚ್ಚಿಸಿದೆ, ಹಿಂದಕ್ಕೆ ಹೋಗಿ ಎಂದೆ. ಏನೂ ಸಿಗಲಿಲ್ಲ. ಬಹಳ ಹೊತ್ತಿನ ಮೇಲೆ, "ಕೊನೇಲಿ ಅವಳು ನಕ್ಕಳು. ನಾನೂ ನಕ್ಕೆ. ಅಷ್ಟು ಗೊತ್ತು" ಎಂದು ಎದ್ದು ಕೆಳಗೆ ಹೋದರು. ನನಗೆ ಸಂಕಟವಾಯಿತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಎಂದೂ ತಿಳಿಯಲಿಲ್ಲ.

ನಾನು ಅಂಗಡಿಗೆ ಇಳಿದಾಗ ಭಾವ ಕತ್ತರಿ ಹಿಡಿದು ಬಟ್ಟೆಯ ಮುಂದೆ ನಿಂತಿದ್ದರು. ಯೂನಿಫಾರ್ಮಿನ ರಾಶಿ ಮತ್ತೆ ಸೊಂಟದ ಮಟ್ಟಕ್ಕಿತ್ತು. ನಾನು ಬೇಗ ಬೇಗ ಗುಂಡಿಯ ಡಬ್ಬಿ ತೆರೆದೆ. ಹತ್ತು ಗಂಟೆಗೆ ಶಾಲೆಯವರು ಬರುವವರಿದ್ದರು.

"ನಿನಗೇನಾದ್ರೂ ಕನಸು ಬಿತ್ತಾ ರಾತ್ರಿ?" ಎಂದು ಕೇಳಿದರು ಭಾವ.

"ಈಗೆಲ್ಲಿ ಭಾವ, ಇಷ್ಟು ಕೆಲಸ ಬಿದ್ದಿದೆ. ಸಾಯಂಕಾಲ ಹೇಳ್ತೀನಿ," ಎಂದೆ. ಅಂದ ಮೇಲೆ ನನ್ನ ಕಿವಿಗೇ ಅದು ಕೇಳಿಸಿತು.

ಭಾವ ಕತ್ತರಿ ಕೆಳಗಿಟ್ಟರು. ಸ್ಟೂಲು ಎಳೆದುಕೊಂಡು ನನ್ನೆದುರು ಕೂತು, ಎರಡೂ ಕೈಯನ್ನು ಮಂಡಿಯ ಮೇಲೆ ಇಟ್ಟುಕೊಂಡರು. "ಈಗಲೇ ಹೇಳು," ಎಂದರು.

ನನಗೆ ಯಾವ ಕನಸೂ ನೆನಪಿರಲಿಲ್ಲ. ಆದರೂ ಶುರು ಮಾಡಿದೆ. ಒಂದು ಬಸ್ಸು ಬರ್ತಿತ್ತು ಭಾವ, ಅದನ್ನ ಹಸು ಓಡಿಸ್ತಿತ್ತು ಎಂದೆ. ಅಕ್ಕನ ಕನಸನ್ನೇ ಕದ್ದು ಹೇಳುತ್ತಿದ್ದೇನೆ, ಗುರುತು ಹಿಡಿಯಬಹುದು ಎಂದು ಅವರ ಮುಖ ನೋಡಿದೆ. ಗುರುತು ಹಿಡಿಯಲಿಲ್ಲ. ಅವರು ಅದನ್ನು ಮೊದಲ ಸಲ ಕೇಳುತ್ತಿದ್ದರು. ನಮ್ಮನೆಯವರಿಗೆ ಸೀಟು ಸಿಗದೆ ಕಂಬಿ ಹಿಡಿದು ನಿಂತ ಕಡೆಗೆ ಬಂದಾಗ ಮಾತು ನಿಲ್ಲಿಸಿ, ಸೂಜಿಗೆ ನೂಲು ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಭಾವ ಸ್ಟೂಲಿನಲ್ಲೇ ಮುಂದಕ್ಕೆ ಬಾಗಿದರು.

"ಆಮೇಲೆ?" ಎಂದರು.